30ಎ ರಸ್ತೆಯಲ್ಲಿ ಬ್ಯಾಟರಿ ಗಾಡಿ: ಈ ಸಲವೂ ಬಾಡಿಗೆಗೆ ತಗೊಳ್ಳೋದಾ, ಬೇಡ್ವಾ?

ಶಿರಾ_ಕಡಲೆಕಾಯಿ:

ಎಲ್ಲರಿಗೂ ನಮಸ್ಕಾರ. ಫ್ಲಾರಿಡಾದ 30ಎ ಕಡೆ ಹೋಗಿ ಬಂದವರು, ಅಲ್ಲೇ ಅಕ್ಕಪಕ್ಕ ಇರುವವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ಎರಡು ವಾರದಿಂದ ನಮ್ಮ ಮನೆಯಲ್ಲಿ ಇದೇ ಮಾತು, ಇದೇ ಜಗಳ.

ಗೊತ್ತಿಲ್ಲದವರಿಗೆ ಒಂದು ಮಾತು. 30ಎ ಅಂದರೆ ವಾಲ್ಟನ್ ಕೌಂಟಿಯಲ್ಲಿ ಸಮುದ್ರದ ಅಂಚಿಗೇ ಹೋಗುವ ರಸ್ತೆ. ಡ್ಯೂನ್ ಆಲನ್‌ನಿಂದ ಇನ್ಲೆಟ್ ಬೀಚ್ ತನಕ ಸುಮಾರು 19 ಮೈಲಿ. ಹೋಗಲು ಒಂದು ಲೇನ್, ಬರಲು ಒಂದು ಲೇನ್, ಅಷ್ಟೇ. ದಾರಿಯುದ್ದಕ್ಕೂ ಗ್ರೇಟನ್, ಸೀಸೈಡ್, ಸೀಗ್ರೋವ್, ಆಲಿಸ್ ಬೀಚ್, ರೋಸ್‌ಮೇರಿ ಬೀಚ್ ಅಂತ ಪುಟ್ಟ ಪುಟ್ಟ ಊರುಗಳು. ಮರಳು ಸಕ್ಕರೆ ಪುಡಿಯಷ್ಟು ಬಿಳಿ. ಅಟ್ಲಾಂಟಾದ ನಮ್ಮ ಜನಕ್ಕೆಲ್ಲ ಬೇಸಿಗೆ ಬಂತು ಅಂದರೆ ಇದೇ ಊರು, ಅಲ್ವಾ.

ಹೋದ ಜೂನ್‌ನಲ್ಲಿ ಅಪ್ಪ ಅಮ್ಮ ಬಂದಿದ್ದರು. ಮಾಂಟ್ಗಮರಿ ದಾಟಿ ಹೈವೇ 331 ಹಿಡಿದು ಆರು ಗಂಟೆ ಓಡಿಸಿಕೊಂಡು ಹೋದೆವು. ಸೀಗ್ರೋವ್‌ನಲ್ಲಿ ಬಾಡಿಗೆ ಮನೆ. ಸಾರ್ವಜನಿಕರು ಬೀಚ್‌ಗೆ ಇಳಿಯುವ ಜಾಗ ಅಲ್ಲಿಂದ ಮುಕ್ಕಾಲು ಮೈಲಿ. ಅಮ್ಮನಿಗೆ ಮಂಡಿ ನೋವು, ನಡೆಯೋಕೆ ಆಗಲ್ಲ. ಕಾರಿನಲ್ಲಿ ಹೋದರೆ ನಿಲ್ಲಿಸೋಕೆ ಜಾಗ ಸಿಗಲ್ಲ. ಬೆಳಗ್ಗೆ ಎಂಟೂವರೆಗೇ ಪಾರ್ಕಿಂಗ್ ತುಂಬಿ ಹೋಗಿರುತ್ತೆ. ಅದಕ್ಕೆ ಆರು ಸೀಟಿನ ಬ್ಯಾಟರಿ ಗಾಡಿ ಒಂದನ್ನು ವಾರಕ್ಕೆ ಬಾಡಿಗೆಗೆ ತಗೊಂಡೆವು. ಅಮ್ಮ ಅದನ್ನು ನೋಡಿದ ತಕ್ಷಣ, "ಇದು ಹಂಪಿ ಗಾಡಿ ಅಲ್ವೇನೋ!" ಅಂದರು. ವಿಠ್ಠಲ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಅದೇ ತರಹದ್ದು. ವಾರವಿಡೀ ನಮ್ಮ ಮನೆಯಲ್ಲಿ ಅದಕ್ಕೆ ಹಂಪಿ ಗಾಡಿ ಅಂತಲೇ ಹೆಸರಾಯಿತು.

ಮೂರು ದಿನ ಅಮ್ಮನ ಮುಖದಲ್ಲಿ ಆ ನಗು ನೋಡಬೇಕಿತ್ತು. ಗಾಳಿಗೆ ಸೆರಗು ಹಾರಿಸಿಕೊಂಡು, ಎದುರು ಬರುವ ಗಾಡಿಯವರಿಗೆಲ್ಲ ಕೈ ಬೀಸಿಕೊಂಡು ಹೋಗುತ್ತಿದ್ದರು. ನಾಲ್ಕನೇ ದಿನ ನನಗೆ ಧೈರ್ಯ ಜಾಸ್ತಿಯಾಯಿತು, ಆಲಿಸ್ ಬೀಚ್ ತನಕ ಹೋಗಿ ಬರೋಣ ಅಂತ ಹೊರಟೆ. ಊರು ದಾಟಿದ ಮೇಲೆ ಬೋರ್ಡ್ ಗಂಟೆಗೆ 35 ಮೈಲಿ ಅನ್ನುತ್ತೆ, ನಮ್ಮ ಗಾಡಿ ಪ್ರಾಣ ಬಿಟ್ಟರೂ 24. ಅಪ್ಪ ಹಿಂದಿನ ಸೀಟಿನಲ್ಲಿ, ಅಂದರೆ ಮುಖ ಹಿಂದಕ್ಕೆ ಮಾಡಿ ಕೂರುವ ಸೀಟಿನಲ್ಲಿ ಕೂತಿದ್ದರು. ಅವರು 31 ವರ್ಷ ಕೆಎಸ್‌ಆರ್‌ಟಿಸಿಯಲ್ಲಿ ಬಸ್ ಓಡಿಸಿದವರು. ಹಿಂದಿನ ಸಾಲು ಎಣಿಸೋಕೆ ಶುರು ಮಾಡಿದರು. "ಒಂಬತ್ತು ಆಯ್ತು... ಹನ್ನೊಂದು... ಲೇ, ಸೈಡ್ ಕೊಡೋ."

ಎಲ್ಲಿ ಕೊಡೋದು ಸೈಡು? ಎಡಕ್ಕೆ ಜೋಡಿ ಹಳದಿ ಗೆರೆ. ಬಲಕ್ಕೆ ಬಿಳಿ ಗೆರೆ ಮುಗಿದರೆ ಒಂದಿಷ್ಟು ಹುಲ್ಲು, ಅದರಾಚೆ ಸೈಕಲ್ ಹಾದಿ. ಹದಿನಾಲ್ಕನೇ ಗಾಡಿ ಲೆಕ್ಕಕ್ಕೆ ಬರುವಾಗ ನಮ್ಮ ಬೆನ್ನಿಗೇ ಇದ್ದ ಪಿಕಪ್ ಟ್ರಕ್ ಎಷ್ಟು ಹತ್ತಿರ ಬಂದಿತ್ತು ಅಂದರೆ, ಅದರ ಡ್ರೈವರ್ ಚ್ಯೂಯಿಂಗ್ ಗಮ್ ಅಗಿಯುವುದು ಅಪ್ಪನಿಗೆ ಕಾಣುತ್ತಿತ್ತಂತೆ. ಅಪ್ಪ ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು, ಚಕ್ಕಂಬಕ್ಕಳ ಹಾಕಿ ಕೂತು, ಅಂಗೈ ತೋರಿಸಿ ಅವನಿಗೆ "ನಿಧಾನ, ನಿಧಾನ" ಅಂತ ಸನ್ನೆ ಮಾಡಿದರು. ಅವನು ಕೇಳಲಿಲ್ಲ. ಹಾರ್ನ್ ಹೊಡೆದುಕೊಂಡು ಜೋಡಿ ಗೆರೆ ದಾಟಿ ನುಗ್ಗಿದ. ಎದುರಿನಿಂದ ಒಬ್ಬಳು ಹುಡುಗಿ ಸೈಕಲ್‌ನಲ್ಲಿ ಬರುತ್ತಿದ್ದಳು. ಏನೂ ಆಗಲಿಲ್ಲ, ದೇವರು ದೊಡ್ಡವನು.

ಮನೆಗೆ ಬಂದು ಕಾಫಿ ಕುಡಿಯುವಾಗ ಅಪ್ಪ ಹೇಳಿದ್ದು: "ಗಾಡಿ ಚೆನ್ನಾಗಿದೆ. ರೋಡೂ ಚೆನ್ನಾಗಿದೆ. ಎರಡನ್ನೂ ಒಟ್ಟಿಗೆ ಬಿಟ್ಟವನು ಯಾವನೋ ಗಾಡಿ ಓಡಿಸದೇ ಇರೋನು."

ಈ ಜೂನ್‌ಗೂ ಹೋಗುವುದಿದೆ. ಈ ಸಲ ನನ್ನ ಭಾವಮೈದನ ಸಂಸಾರವೂ ಜೊತೆಗೆ. ಅವನಂತೂ ಇಂಥ ಗಾಡಿ ರಸ್ತೆಗೆ ತರುವುದೇ ತಪ್ಪು, ನಮ್ಮ ಮಜಾಕ್ಕೆ ಊರಿನವರನ್ನೆಲ್ಲ ಕಾಯಿಸಬಾರದು ಅನ್ನುತ್ತಾನೆ. ನನ್ನ ಹೆಂಡತಿ, ಹಾಗಾದರೆ ಅತ್ತೆಯನ್ನು ನೀನೇ ಹೊತ್ತುಕೊಂಡು ಹೋಗಪ್ಪ ಅನ್ನುತ್ತಾಳೆ. ನನಗೆ ಇಬ್ಬರದ್ದೂ ಸರಿ ಅನಿಸುತ್ತೆ, ಅದೇ ಕಷ್ಟ. ನೀವು ಏನಂತೀರಿ?

*

ಸೇತುವೆ_ಆಚೆಯವ:

ನಾನು ಫ್ರೀಪೋರ್ಟ್‌ನಲ್ಲಿದ್ದೇನೆ, ಕೆಲಸ 30ಎ ಮೇಲೆ, ಹೋಟೆಲ್ ಒಂದರಲ್ಲಿ. ದಿನಾ ಕೊಲ್ಲಿಯ ಸೇತುವೆ ದಾಟಿ ಬರುತ್ತೇನೆ. ಹಾಗಾಗಿ ನಿಮ್ಮ ಹಿಂದೆ ಸಾಲಿನಲ್ಲಿದ್ದ ಹದಿನಾಲ್ಕರಲ್ಲಿ ನಾನೂ ಒಬ್ಬ ಇದ್ದಿರಬಹುದು ಸಾರ್, ಹಾರ್ನ್ ಹೊಡೆದವನು ನಾನಲ್ಲ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ, ಯಾಕೆಂದರೆ ಬಂದವರೆಲ್ಲ ಇಲ್ಲೇ ಎಡವುತ್ತಾರೆ. ಈ ಬ್ಯಾಟರಿ ಗಾಡಿಗಳನ್ನು ಇಲ್ಲಿ ಎಲ್ಲರೂ ಕಾರ್ಟ್ ಅಂತಲೇ ಕರೆಯೋದು, ಆದರೆ ಗಾಲ್ಫ್ ಕಾರ್ಟ್ ಬೇರೆ, ಎಲ್‌ಎಸ್‌ವಿ (ಲೋ ಸ್ಪೀಡ್ ವೆಹಿಕಲ್, ಅಂದರೆ ಕಡಿಮೆ ವೇಗದ ಗಾಡಿ) ಬೇರೆ. ನೋಡೋಕೆ ಎರಡೂ ಒಂದೇ. ಫ್ಲಾರಿಡಾ ಕಾನೂನಿನಲ್ಲಿ ಗಾಲ್ಫ್ ಕಾರ್ಟ್ ಅಂದರೆ ಗಂಟೆಗೆ 20 ಮೈಲಿ ಮೀರದ್ದು. ಅದನ್ನು ಕೌಂಟಿ "ಇಲ್ಲಿ ಓಡಿಸಬಹುದು" ಅಂತ ಗುರುತು ಮಾಡಿದ ರಸ್ತೆ ಬಿಟ್ಟು ಬೇರೆಡೆ ತರುವ ಹಾಗಿಲ್ಲ. ಎಲ್‌ಎಸ್‌ವಿ ಅಂದರೆ ಅದರ ಟಾಪ್ ಸ್ಪೀಡ್ 20ಕ್ಕಿಂತ ಜಾಸ್ತಿ, 25 ಮೀರಬಾರದು. ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ಕನ್ನಡಿ, ಮುಂದಿನ ಗಾಜು, ಸೀಟ್ ಬೆಲ್ಟ್, ನಂಬರ್ ಪ್ಲೇಟ್, ಇನ್ಶೂರೆನ್ಸ್ ಎಲ್ಲ ಇರಬೇಕು, ಓಡಿಸುವವನ ಹತ್ತಿರ ಲೈಸೆನ್ಸ್ ಇರಬೇಕು. ಇಷ್ಟಿದ್ದರೆ 35 ಅಥವಾ ಅದಕ್ಕಿಂತ ಕಡಿಮೆ ಬೋರ್ಡ್ ಇರುವ ರಸ್ತೆಯಲ್ಲಿ ಓಡಿಸಬಹುದು. ನೀವು ತಗೊಂಡಿದ್ದು ಇದೇ ಇರಬೇಕು. ಅಂದರೆ ಕಾನೂನಿನ ಪ್ರಕಾರ ಆ ಲೇನ್ ನಿಮ್ಮದೂ ಹೌದು. ಪಿಕಪ್‌ನವನಿಗೆ ಇದು ಗೊತ್ತಿರಲ್ಲ, ಗೊತ್ತಿದ್ದರೂ ಅಷ್ಟೇ.

ಇನ್ನು ನಿಮ್ಮ ಭಾವಮೈದನವರ ಮಾತಿಗೆ ಬರೋಣ. 30ಎ ನಿಧಾನ ಆಗಿರೋದು ಕಾರ್ಟ್‌ನಿಂದ ಅಂತ ಎಲ್ಲರೂ ಹೇಳುತ್ತಾರೆ. ಜುಲೈನಲ್ಲಿ ಮಧ್ಯಾಹ್ನ ಸೀಸೈಡ್ ದಾಟಿ ನೋಡಿ. ಅಲ್ಲಿ ಕಾರ್ಟ್ ಒಂದೂ ಇಲ್ಲದಿದ್ದರೂ ಗಾಡಿ ಆಮೆ ಹಾಗೆ ಹೋಗುತ್ತೆ. ಐಸ್‌ಕ್ರೀಂ ಹಿಡಿದುಕೊಂಡು ದಾಟುವ ಜನ, ಪಾರ್ಕಿಂಗ್ ಹುಡುಕಿಕೊಂಡು ಮೂರನೇ ಸುತ್ತು ಹೊಡೆಯುವ ದೊಡ್ಡ ದೊಡ್ಡ ಎಸ್‌ಯುವಿಗಳು. ಕಾರ್ಟ್ ನಿಜವಾಗಿ ತೊಂದರೆ ಕೊಡುವುದು ಅಲ್ಲಲ್ಲ. ಊರು ಮತ್ತು ಊರಿನ ನಡುವೆ, ರಸ್ತೆ ಸ್ವಲ್ಪ ಖಾಲಿಯಾಗಿ ಎಲ್ಲರ ಕಾಲೂ ಆಕ್ಸಿಲರೇಟರ್ ಮೇಲೆ ಹೋಗುವ ಕಡೆ. ನೀವು ಸಿಕ್ಕಿಹಾಕಿಕೊಂಡಿದ್ದೂ ಅಲ್ಲೇ.

ಬೆಳಗ್ಗೆ ಆರೂಮುಕ್ಕಾಲಿಗೆ ನಾನು ಬರುವಾಗ ಒಂದು ಕಾರ್ಟೂ ಇರಲ್ಲ. ಹತ್ತು ಗಂಟೆಗೆ ಶುರು, ಸಂಜೆ ಐದಕ್ಕೆ ಜಾತ್ರೆ.

*

ಸೈಕಲ್_ಸುಬ್ಬ:

ನಾನು ನೇರವಾಗಿ ಹೇಳುತ್ತೇನೆ, ಬೇಡ. ಕಾನೂನು ಬಿಡುತ್ತೆ ಅಂದ ಮಾತ್ರಕ್ಕೆ ಸರಿ ಅಂತಲ್ಲ.

ಐದು ವರ್ಷದಿಂದ ಪ್ರತಿ ಅಕ್ಟೋಬರ್‌ನಲ್ಲಿ ಅಲ್ಲಿ ಸೈಕಲ್ ಹೊಡೆಯೋಕೆ ಹೋಗುತ್ತೇನೆ. 30ಎ ಪಕ್ಕದಲ್ಲೇ ಟಿಂಪೂಚಿ ಟ್ರೇಲ್ ಅಂತ ಡಾಂಬರು ಹಾದಿ ಇದೆ, 18 ಮೈಲಿಗೂ ಜಾಸ್ತಿ. ನಡೆಯುವವರಿಗೆ, ಓಡುವವರಿಗೆ, ಸೈಕಲ್‌ನವರಿಗೆ ಮಾಡಿದ್ದು. ಕಾರ್ಟ್ ಅದರ ಮೇಲೆ ಬರುವ ಹಾಗೇ ಇಲ್ಲ. ಆದರೆ ಹಿಂದೆ ಸಾಲು ಬೆಳೆದು ಹಾರ್ನ್ ಶುರುವಾದ ತಕ್ಷಣ ಹೊಸಬ ಡ್ರೈವರ್ ಏನು ಮಾಡುತ್ತಾನೆ ಹೇಳಿ? ಹೆದರಿ ಸ್ಟೇರಿಂಗ್ ಬಲಕ್ಕೆ ತಿರುಗಿಸುತ್ತಾನೆ. ಎರಡು ಚಕ್ರ ಹುಲ್ಲಿನ ಮೇಲೆ, ಆಮೇಲೆ ಇಡೀ ಗಾಡಿ ನಮ್ಮ ಹಾದಿ ಮೇಲೆ. ನನ್ನ ಕಣ್ಣೆದುರಿಗೇ ಎರಡು ಸಲ ಆಗಿದೆ. ಎರಡನೇ ಸಲ ನಾನೇ ಮರಳಿಗೆ ಬಿದ್ದೆ. ಗಾಡಿಯಲ್ಲಿದ್ದ ಯಜಮಾನರು "ಸಾರಿ ಸಾರಿ" ಅಂದರು, ಒಂದು ಕೈಯಲ್ಲಿ ಬಿಯರ್ ಕ್ಯಾನ್. ರಜೆಗೆ ಬಂದ ಜನಕ್ಕೆ ಇದು ಆಟದ ಸಾಮಾನು ಅನ್ನೋ ಭಾವನೆ. ಕುಡಿದು ಓಡಿಸಿದರೆ ಕಾರಿಗೆ ಬೀಳುವ ಕೇಸೇ ಇದಕ್ಕೂ ಬೀಳುತ್ತೆ ಅಂತ ಯಾರಿಗೂ ತಲೆಗೇ ಹೋಗಲ್ಲ.

ಇನ್ನೊಂದು ಮಾತು, ಸ್ವಲ್ಪ ಹೊಟ್ಟೆ ಉರಿದು ಹೇಳುತ್ತಿದ್ದೇನೆ ಅಂದುಕೊಳ್ಳಿ. ಸೀಸೈಡ್ ಕಟ್ಟಿದ್ದೇ ನಡೆಯುವ ಊರು ಅಂತ. 1981ರಲ್ಲಿ ರಾಬರ್ಟ್ ಡೇವಿಸ್ ತನ್ನ ತಾತನ ಕಾಲದ 80 ಎಕರೆಯಲ್ಲಿ ಶುರು ಮಾಡಿದ್ದು, ನಕ್ಷೆ ಹಾಕಿದ್ದು ಆಂಡ್ರೆಸ್ ದುಆನಿ ಮತ್ತು ಎಲಿಜಬೆತ್ ಪ್ಲೇಟರ್ ಜೈಬರ್ಕ್ ದಂಪತಿ. ಮನೆಯಿಂದ ಅಂಗಡಿ, ಅಂಗಡಿಯಿಂದ ಸಮುದ್ರ, ಎಲ್ಲ ಐದು ನಿಮಿಷದ ನಡಿಗೆ. ಬೀದಿಗಳನ್ನು ಬೇಕೂಂತಲೇ ಕಿರಿದು ಮಾಡಿದ್ದಾರೆ. ರೋಸ್‌ಮೇರಿ, ಆಲಿಸ್ ಬೀಚ್ ನಕ್ಷೆಗಳೂ ಅವರದ್ದೇ. ಕಾರು ಮನೆಯಲ್ಲಿ ಬಿಟ್ಟು ನಡೆಯಿರಿ ಅಂತ ಕಟ್ಟಿದ ಊರಿನಲ್ಲಿ ಈಗ ಪ್ರತಿ ಮನೆ ಮುಂದೆ ಕಾರೂ ಇದೆ, ಕಾರ್ಟೂ ಇದೆ. ಕಾರಿನ ಬದಲು ಕಾರ್ಟ್ ಬಂದಿದ್ದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಅದು ಬಂದಿದ್ದು ನಡಿಗೆಯ ಬದಲು.

ನಿಮ್ಮ ತಾಯಿಯವರ ವಿಷಯ ಬೇರೆ, ಅದಕ್ಕೆ ನಾನು ಏನೂ ಹೇಳಲ್ಲ. ಮುಕ್ಕಾಲು ಮೈಲಿ ನಡೆಯೋಕೆ ಸೋಮಾರಿತನ ಮಾಡುವ ಇಪ್ಪತ್ತೆರಡರ ಹುಡುಗರಿಗೆ ಹೇಳಿದ್ದು.

*

ಪೀಚ್‌ಟ್ರೀ_ಪುಟ್ಟಮ್ಮ:

ಸುಬ್ಬ ಅವರೇ, ಇಷ್ಟು ಕೋಪ ಬೇಡಿ.

ನಾವಿರೋದು ಪೀಚ್‌ಟ್ರೀ ಸಿಟಿಯಲ್ಲಿ, ಅಟ್ಲಾಂಟಾದ ದಕ್ಷಿಣಕ್ಕೆ. ಇಲ್ಲಿ ಕಾರ್ಟ್ ಅಂದರೆ ಊರಿನಲ್ಲಿ ಸ್ಕೂಟಿ ಇದ್ದ ಹಾಗೆ. ಹಾಲು ತರೋಕೆ ಅದೇ, ಲೈಬ್ರರಿಗೆ ಅದೇ, ಹೈಸ್ಕೂಲ್ ಮಕ್ಕಳು ಶಾಲೆಗೆ ಹೋಗೋದೂ ಅದರಲ್ಲೇ. ಶಾಲೆಯಲ್ಲಿ ಕಾರ್ಟ್ ನಿಲ್ಲಿಸೋಕೆ ಬೇರೆ ಜಾಗ ಇದೆ. ನನ್ನ ಮಗಳು ಹೋದ ವರ್ಷ ಪರೀಕ್ಷೆ ದಿನ ಗಾಡಿ ಚಾರ್ಜ್‌ಗೆ ಹಾಕೋದು ಮರೆತು ದಾರಿಯಲ್ಲಿ ನಿಂತು, ಪಕ್ಕದ ಮನೆಯವರ ಕಾರ್ಟ್ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದಳು. ಅದು ಬೇರೆ ಕಥೆ.

ನಮ್ಮಲ್ಲಿ ಇದು ನಡೆಯುತ್ತೆ, ಯಾಕೆಂದರೆ ಕಾರ್ಟ್‌ಗೇ ಅಂತ ಹಾದಿ ಇದೆ. ಸುಮಾರು 100 ಮೈಲಿ. ಮರಗಳ ನಡುವೆ, ಮನೆಗಳ ಹಿತ್ತಲಿನ ಹಿಂದೆ ಹೋಗುತ್ತೆ. ದೊಡ್ಡ ರಸ್ತೆ ಅಡ್ಡ ಬಂದ ಕಡೆ ಕೆಳಗೆ ಸುರಂಗ, ಇಲ್ಲವೇ ಮೇಲೆ ಸೇತುವೆ. ಪಿಕಪ್‌ನ ಮೂತಿ ನನ್ನ ಬೆನ್ನಿಗೆ ಬರೋ ಪ್ರಶ್ನೆಯೇ ಇಲ್ಲ. ಅಮ್ಮನವರು ಹಂಪಿ ಗಾಡಿ ಅಂದರಲ್ಲ, ಎಷ್ಟು ಸರಿಯಾಗಿ ಹೇಳಿದರು ನೋಡಿ. ಹಂಪಿಯಲ್ಲಿ ಆ ಗಾಡಿ ಯಾಕೆ ಅಷ್ಟು ನೆಮ್ಮದಿಯಾಗಿ ಓಡುತ್ತೆ? ಗೇಟಿನ ಆಚೆ ಕಾರು ಬಸ್ಸು ಬಿಡಲ್ಲ. ಆ ಒಂದು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ಅದೇ ರಾಜ. ಅದೇ ಗಾಡಿ ತಂದು ಹೊಸಪೇಟೆ ಹೈವೇಗೆ ಬಿಟ್ಟಿದ್ದರೆ?

ಆದ್ದರಿಂದ ನನ್ನ ಉತ್ತರ, ಕಾರ್ಟ್ ಒಳ್ಳೇದೇ, 30ಎ ಅದಕ್ಕೆ ತಯಾರಿಲ್ಲ. ಒಳ ಬೀದಿಗಳಲ್ಲಿ ಓಡಿಸಿ, ದೊಡ್ಡ ರಸ್ತೆಗೆ ಬರಬೇಡಿ.

*

ಸೇತುವೆ_ಆಚೆಯವ:

ಪುಟ್ಟಮ್ಮ ಮೇಡಂ, ಒಳ ಬೀದಿಗಳಲ್ಲೇ ಓಡಿಸಿ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದರೆ 30ಎ ನಕ್ಷೆ ಒಂದು ಸಲ ತೆಗೆದು ನೋಡಿ.

ಇಲ್ಲಿ ಸಮುದ್ರದ ದಂಡೆಯಲ್ಲಿ ಕೆರೆಗಳಿವೆ. ಮರಳು ದಿಬ್ಬದ ಹಿಂದೆ ನಿಂತ ಸಿಹಿನೀರು, ಮಳೆ ಜಾಸ್ತಿಯಾದಾಗ ದಿಬ್ಬ ಒಡೆದುಕೊಂಡು ಸಮುದ್ರಕ್ಕೆ ಹರಿಯುತ್ತೆ, ಆಮೇಲೆ ಮರಳು ಮತ್ತೆ ಬಾಯಿ ಮುಚ್ಚುತ್ತೆ. ಪ್ರಪಂಚದಲ್ಲೇ ಇಂಥವು ಬಹಳ ಕಡಿಮೆ ಕಡೆ ಇವೆ. ವಾಲ್ಟನ್ ಕೌಂಟಿಯಲ್ಲಿ ಹೆಸರಿರುವಂಥವೇ 15. ಗ್ರೇಟನ್ ಹತ್ತಿರದ ವೆಸ್ಟರ್ನ್ ಲೇಕ್, ಸೀಗ್ರೋವ್ ಹತ್ತಿರದ ಈಸ್ಟರ್ನ್ ಲೇಕ್, ಹೀಗೆ. ಎಲ್ಲರೂ ಫೋಟೋ ತೆಗೆಯೋದು ಇವುಗಳನ್ನೇ. ಈಗ ಕಾರ್ಟ್ ಲೆಕ್ಕದಲ್ಲಿ ನೋಡಿ. ಪ್ರತಿ ಬಡಾವಣೆಯ ಒಳ ಬೀದಿಯೂ ಹೋಗಿ ಹೋಗಿ ಒಂದು ಕೆರೆಯ ಹತ್ತಿರ ನಿಂತು ಹೋಗುತ್ತೆ, ಇಲ್ಲ ಸ್ಟೇಟ್ ಪಾರ್ಕ್ ಬೇಲಿಗೆ ಮುಟ್ಟುತ್ತೆ. ಉತ್ತರಕ್ಕೆ ಹೋದರೆ ಪಾಯಿಂಟ್ ವಾಷಿಂಗ್ಟನ್ ಕಾಡು. ಕೆರೆ ದಾಟಿ ಪಕ್ಕದ ಊರಿಗೆ ಹೋಗೋಕೆ ಇರೋದು ಒಂದೇ ದಾರಿ, 30ಎ.

ಇನ್ನೊಂದು ರಸ್ತೆ ಇದೆ, ಹೈವೇ 98, ಎರಡು ಮೂರು ಮೈಲಿ ಒಳಗೆ. ಅದು ವೇಗದ ರಸ್ತೆ, ಎಲ್‌ಎಸ್‌ವಿ ಅದರ ಮೇಲೆ ಓಡುವ ಹಾಗಿಲ್ಲ. ಇದನ್ನೇ ನಾನು ನಮ್ಮ ಹೋಟೆಲಿನಲ್ಲಿ ಗೊಣಗುವವರಿಗೆ ಹೇಳೋದು. ಅವಸರ ಇರುವ ಕಾರಿನವನಿಗೆ 98 ಇದೆ, 395 ಅಥವಾ 283 ಅನ್ನೋ ಅಡ್ಡ ರಸ್ತೆ ಹಿಡಿದು ಮೇಲೆ ಹೋದರೆ ಆಯಿತು. ನಿಧಾನದ ಗಾಡಿಗೆ 30ಎ ಬಿಟ್ಟರೆ ಗತಿಯಿಲ್ಲ. ಹಾಗಿದ್ದಾಗ 30ಎ ಯಾರಿಗೆ ಸೇರಬೇಕು ಹೇಳಿ?

ಲೆಕ್ಕವನ್ನೂ ಹಾಕಿಬಿಡೋಣ. ಮೂರು ಮೈಲಿ ದೂರ 35ರಲ್ಲಿ ಹೋದರೆ ಐದು ನಿಮಿಷ ಚಿಲ್ಲರೆ. 25ರಲ್ಲಿ ಹೋದರೆ ಏಳು ನಿಮಿಷ ಚಿಲ್ಲರೆ. ಎರಡು ನಿಮಿಷ ಸಾರ್! ಆ ಪಿಕಪ್‌ನವನು ಎದುರಿನ ಹುಡುಗಿಯ ಜೀವ ಒತ್ತೆ ಇಟ್ಟಿದ್ದು ಎರಡು ನಿಮಿಷಕ್ಕೆ. ನನ್ನನ್ನು ಕೇಳಿದರೆ ಇನ್ಲೆಟ್ ಬೀಚ್‌ನಿಂದ ಡ್ಯೂನ್ ಆಲನ್ ತನಕ ಎಲ್ಲ ಕಡೆ 25 ಅಂತ ಬೋರ್ಡ್ ಹಾಕಿಬಿಡಲಿ. ಆಗ ಕಾರ್ಟ್ ಯಾರಿಗೂ ಅಡ್ಡ ಅಲ್ಲವೇ ಅಲ್ಲ. ಕೆಲಸಕ್ಕೆ ಬರುವ ನನಗೆ ದಿನಾ ಐದಾರು ನಿಮಿಷ ಜಾಸ್ತಿ ಆಗುತ್ತೆ, ಗೊತ್ತು. ಬೇಕಿದ್ದರೆ ಐದು ನಿಮಿಷ ಮುಂಚೆ ಎದ್ದೇನು.

*

ಸೈಕಲ್_ಸುಬ್ಬ:

25 ಮಾಡಿದರೆ ನಾನೂ ಒಪ್ಪುತ್ತೇನೆ. ಬಿಯರ್ ಕ್ಯಾನ್ ಮಾತ್ರ ಬಿಡಿಸಿ.

*

ಬ್ಯಾಂಡೇಜ್_ಅಕ್ಕ:

ನಾನು ಅಲಬಾಮಾದಲ್ಲಿ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್. ನೀವೆಲ್ಲ ರಸ್ತೆ, ವೇಗ, ಕೆರೆ ಅಂತ ಮಾತಾಡುತ್ತಿದ್ದೀರಿ, ನನ್ನ ಕಣ್ಣು ಮಾತ್ರ ಶಿರಾ ಅವರು ಬರೆದ ಆ ಒಂದು ಸಾಲಿನಲ್ಲೇ ನಿಂತುಬಿಟ್ಟಿತು. ಹಿಂದಕ್ಕೆ ಮುಖ ಮಾಡಿದ ಸೀಟು.

ಆ ಸೀಟಿನಲ್ಲಿ ಈ ಸಲ ಯಾರು ಕೂರೋದು? ಖಂಡಿತ ಮಕ್ಕಳೇ ಕೂರುತ್ತಾರೆ, ಯಾಕೆಂದರೆ ಅದೇ ಮಜಾ ಸೀಟು. ಇಂಥ ಗಾಡಿಗಳಲ್ಲಿ ಮಕ್ಕಳಿಗೆ ಪೆಟ್ಟಾಗೋದು ಬಹಳ ಸಲ ಡಿಕ್ಕಿ ಹೊಡೆದು ಅಲ್ಲ, ಹೊರಗೆ ಬಿದ್ದು. ಗಾಡಿಗೆ ಬಾಗಿಲಿಲ್ಲ. ದೊಡ್ಡವರು ಎಡಕ್ಕೆ ಸ್ವಲ್ಪ ಜೋರಾಗಿ ತಿರುಗಿಸುತ್ತಾರೆ, ತುದಿಯಲ್ಲಿ ಬೆಲ್ಟ್ ಇಲ್ಲದೆ ಕೂತ ಮಗು ಬಲಕ್ಕೆ ಜಾರುತ್ತೆ. ಹಿಂದಿನ ಸೀಟಿನಲ್ಲಾದರೆ ಗಾಡಿ ಜಗ್ಗಿ ಮುಂದೆ ಹೋದರೂ ಸಾಕು, ಮಗು ಮುಂದಕ್ಕೆ, ಅಂದರೆ ರಸ್ತೆಗೆ. ಬೀಳೋದು ತಲೆ ಕೆಳಗಾಗಿ. ಹದಿನೈದು ಮೈಲಿ ವೇಗ ಏನು ಮಹಾ ಅಂದುಕೊಳ್ಳುತ್ತೀರಿ. ಓಡುತ್ತಿರುವ ಗಾಡಿಯಿಂದ ಡಾಂಬರಿಗೆ ತಲೆ ತಾಗೋಕೆ ಅಷ್ಟು ಸಾಕು.

ಡಿಕ್ಕಿ ಆದರಂತೂ ಕೇಳಲೇಬೇಡಿ. ಈ ಎಲ್‌ಎಸ್‌ವಿ ಅನ್ನೋ ವರ್ಗವನ್ನು ಫೆಡರಲ್ ಸರ್ಕಾರ ಮಾಡಿದ್ದು 1998ರಲ್ಲಿ. ನಿವೃತ್ತರ ಬಡಾವಣೆಗಳಲ್ಲಿ ಮನೆಯಿಂದ ಅಂಗಡಿಗೆ ಹೋಗಿ ಬರೋಕೆ ಅನ್ನೋದು ತಲೆಯಲ್ಲಿಟ್ಟುಕೊಂಡು. ಅದಕ್ಕೇ ಕಾರಿಗಿರುವ ಹಾಗೆ ಇದಕ್ಕೆ ಏರ್‌ಬ್ಯಾಗ್ ಇರಲೇಬೇಕು ಅಂತಿಲ್ಲ, ಡಿಕ್ಕಿ ಪರೀಕ್ಷೆಯೂ ಇಲ್ಲ. ಇನ್ಶೂರೆನ್ಸ್ ಕಂಪನಿಗಳು ಸೇರಿ ನಡೆಸುವ ರಸ್ತೆ ಸುರಕ್ಷತಾ ಸಂಸ್ಥೆಯವರು 2010ರಲ್ಲಿ ಇಂಥ ಗಾಡಿಗಳಿಗೆ ಪಕ್ಕದಿಂದ ಡಿಕ್ಕಿ ಹೊಡೆಸಿ ನೋಡಿದ್ದರು. ಮಾಮೂಲಿ ಕಾರುಗಳ ನಡುವೆ ಇವು ಬೇಡ ಅಂತಲೇ ಅವರು ಹೇಳಿದ್ದು. ನಾನು ಆ ವಿಡಿಯೋ ನೋಡಿದ ಮೇಲೆ ನನ್ನ ಮಕ್ಕಳನ್ನು ಕೂರಿಸಿಲ್ಲ.

ಆದರೂ ಅಮ್ಮನವರ ಮಂಡಿ ನೋವು ನಿಜ, ಅವರಿಗೆ ಸಮುದ್ರ ನೋಡೋ ಆಸೆಯೂ ನಿಜ. ಹೋಗೋದಾದರೆ ಹಿಂದಿನ ಸೀಟಿಗೆ ಕೂಲರ್ ಡಬ್ಬಿ, ಟವೆಲ್, ಛತ್ರಿ ಇಡಿ, ಮನುಷ್ಯರನ್ನಲ್ಲ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿದ್ದರೆ ಕಾರ್ ಸೀಟ್ ಇದಕ್ಕೂ ಬೇಕು, ಮನೆಯಿಂದಲೇ ತಗೊಂಡು ಹೋಗಿ. ತಿರುವಿನಲ್ಲಿ ನಿಧಾನ. ಬೆಲ್ಟ್ ಹಾಕದೆ ಗಾಡಿ ಹೊರಡಬಾರದು, ಅಜ್ಜಿಯದ್ದೂ ಸೇರಿ. ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ ಸೊಂಟಕ್ಕೆ ಸಿಗಿಸಿಕೊಳ್ಳೋಕೆ ಹೇಳಿ, ಇದನ್ನು ನಗಬೇಡಿ, ಊರಿನಲ್ಲಿ ಬೈಕ್ ಹಿಂದೆ ಕೂತವರಿಗೆ ಇದೇ ಆಗೋದು.

*

ಗಲ್ಫ್_ಗಡಿಬಿಡಿ:

ಎಲ್ಲ ಸರಿ, ಒಂದು ಪ್ರಶ್ನೆ. ಸೀಗ್ರೋವ್‌ನಲ್ಲಿ ಮನೆಯಿಂದ ನೇರ ಇಳಿದರೆ ಸಮುದ್ರ ಇನ್ನೂರು ಗಜ ಇರಬೇಕಲ್ವಾ? ಮುಕ್ಕಾಲು ಮೈಲಿ ಯಾಕೆ ಹೋಗಬೇಕು?

*

ಸೇತುವೆ_ಆಚೆಯವ:

ಒಳ್ಳೇ ಕಡೆ ಕೈ ಇಟ್ಟಿರಿ. ನೇರ ಇಳಿದರೆ ಯಾರದ್ದೋ ಮನೆ, ಅವರ ಮೆಟ್ಟಿಲು, "ಖಾಸಗಿ ಬೀಚ್" ಬೋರ್ಡ್. ಇಲ್ಲಿ ಒಣ ಮರಳು ಯಾರದ್ದು ಅನ್ನೋದೇ ವರ್ಷಗಟ್ಟಲೆಯಿಂದ ವ್ಯಾಜ್ಯ. 2018ರಲ್ಲಿ ರಾಜ್ಯ ಒಂದು ಕಾನೂನು ತಂದು, ಜನ ಹಿಂದಿನಿಂದ ಬಳಸಿಕೊಂಡು ಬಂದ ಬೀಚ್ ಅಂತ ಕೌಂಟಿ ಸುಮ್ನೆ ಘೋಷಿಸುವ ಹಾಗಿಲ್ಲ, ಕೋರ್ಟಿಗೆ ಹೋಗಿ ಅಂತ ಮಾಡಿತು. 2025ರಲ್ಲಿ ಅದನ್ನು ತೆಗೆದರು. ಬೋರ್ಡುಗಳು ಇನ್ನೂ ನಿಂತಿವೆ. ಹಾಗಾಗಿ ಬಾಡಿಗೆ ಮನೆಗೆ ಬಂದವರು ಸಾರ್ವಜನಿಕ ಇಳಿದಾರಿ ಹುಡುಕಿಕೊಂಡು ಹೋಗಬೇಕು. ಅಲ್ಲಿ ಕಾರು ನಿಲ್ಲಿಸೋಕೆ ಬೆರಳೆಣಿಕೆಯ ಜಾಗ. ಕಾರ್ಟ್ ಬಾಡಿಗೆ ಅಂಗಡಿಗಳು ಹುಟ್ಟಿದ್ದೇ ಈ ಬೋರ್ಡುಗಳಿಂದ ಅಂತ ನನಗೆ ಅನಿಸುತ್ತೆ. ಬಿಡಿ, ಅದನ್ನು ಎತ್ತಿದರೆ ಇಲ್ಲಿ ಬೆಳಗಾಗುತ್ತೆ.

*

ಶಿರಾ_ಕಡಲೆಕಾಯಿ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ.

ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಸೇತುವೆ ಆಚೆಯವರ ಎರಡು ನಿಮಿಷದ ಲೆಕ್ಕ ಕೇಳಿ ಅಪ್ಪ ಜೋರಾಗಿ ನಕ್ಕರು. "ಬಸ್ಸಿನಲ್ಲಿ ಪ್ಯಾಸೆಂಜರ್‌ಗೆ ಇದನ್ನ ಹೇಳಿ ಹೇಳಿ ನನಗೆ ಸಾಕಾಗಿ ಹೋಯ್ತು" ಅಂದರು. ಬ್ಯಾಂಡೇಜ್ ಅಕ್ಕನ ಮಾತು ಓದುವಾಗ ಮಾತ್ರ ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಕೇಳಿದರು, ಹೋದ ಸಲ ಹಿಂದಿನ ಸೀಟಿನಲ್ಲಿ ನಿನ್ನ ಮಗಳು ಎಷ್ಟು ದಿನ ಕೂತಿದ್ದಳು ಅಂತ. ಮೂರು ದಿನ. ನಾಲ್ಕನೇ ದಿನ ಅವಳಿಗೆ ಬಿಸಿಲು ತಾಗಿ ಜ್ವರ ಬಂದು ಅವಳೂ ನನ್ನ ಹೆಂಡತಿಯೂ ಮನೆಯಲ್ಲೇ ಉಳಿದಿದ್ದಕ್ಕೆ ಅಪ್ಪ ಅಲ್ಲಿ ಕೂತಿದ್ದು.

ಈಗ ಹೀಗೆ ಅಂದುಕೊಂಡಿದ್ದೇವೆ. ನಾಲ್ಕು ಸೀಟಿನದು ತಗೊಳ್ಳೋದು, ನಾಲ್ಕೂ ಮುಂದಕ್ಕೆ ಮುಖ ಇರುವಂಥದ್ದು. ಹುಡುಕಿದರೆ ಸಿಗುತ್ತೆ, ಬಾಡಿಗೆಯವರನ್ನು ಫೋಟೋ ಕಳಿಸಿ ಅಂತ ಕೇಳಿದ್ದೇನೆ. ಮನೆಯಿಂದ ಇಳಿದಾರಿಗೆ, ಇಳಿದಾರಿಯಿಂದ ಮನೆಗೆ, ಅಷ್ಟೇ ಅದರ ಓಡಾಟ, ಬೆಳಗ್ಗೆ ಒಂಬತ್ತರೊಳಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ಸು. ಅದರಲ್ಲಿ ಅಮ್ಮ, ಅಪ್ಪ, ನಾನು, ಸಾಮಾನು. ಮಕ್ಕಳು ಮತ್ತು ಭಾವಮೈದ ಸೈಕಲ್. ಈ ಕೊನೇ ಭಾಗ ಅವನಿಗೆ ಇನ್ನೂ ಹೇಳಿಲ್ಲ. ಆಲಿಸ್ ಬೀಚ್‌ಗೆ ಹೋಗೋದಾದರೆ ಕಾರಿನಲ್ಲಿ, 98 ಮೇಲೆ.

ಸುಬ್ಬ ಅವರೇ, ಒಂದು ಕೇಳಬೇಕಿತ್ತು. ಅಲ್ಲಿ ದೊಡ್ಡವರ ಸೈಕಲ್ ಬಾಡಿಗೆಗೆ ತಗೊಂಡರೆ ಸೀಟು ಅಗಲ ಇರೋದು ಸಿಗುತ್ತಾ? ನನ್ನ ಭಾವಮೈದ ಸ್ವಲ್ಪ ಗುಂಡಗಿದ್ದಾನೆ.

*

ಸೈಕಲ್_ಸುಬ್ಬ:

ಬೀಚ್ ಕ್ರೂಸರ್ ಅಂತ ಕೇಳಿ, ದಪ್ಪ ಟೈರು, ಅಗಲ ಸೀಟು, ಗೇರ್ ಇರಲ್ಲ. ಹ್ಯಾಂಡ್ ಬ್ರೇಕ್ ಹುಡುಕಬೇಡಿ ಅಂತ ಅವರಿಗೆ ಮೊದಲೇ ಹೇಳಿ, ಬಹಳಷ್ಟರಲ್ಲಿ ಪೆಡಲ್ ಹಿಂದಕ್ಕೆ ತುಳಿದರೇ ಬ್ರೇಕು. ನನಗೆ ಇದು ಗೊತ್ತಾಗಿದ್ದು ಒಂದು ಗುಲಾಬಿ ಪೊದೆಯೊಳಗೆ ಹೋದ ಮೇಲೆ.